ವರ್ಲೀನ್ ಅವರ ಕಾರಿನ ಮುಂದಿನ ಸೀಟು

ಬೆಳಗಿನ ಐದೂವರೆ. ಸ್ಯಾಗಿನಾ ಊರಿನ ಪೂರ್ವದ ಪೆಟ್ರೋಲ್ ಬಂಕಿನಲ್ಲಿ ವರ್ಲೀನ್ ಟಬ್ಸ್ ತಮ್ಮ ಹನ್ನೊಂದು ವರ್ಷದ ಕಾರಿನ ನಾಲ್ಕೂ ಬಾಗಿಲು ತೆರೆದಿಟ್ಟು, ಹಿಮದಲ್ಲೇ ಮಂಡಿಯೂರಿದ್ದಾರೆ. ಹಲ್ಲುಜ್ಜುವ ಹಳೇ ಬ್ರಷ್ಷಿನಿಂದ ಸೀಟಿನ ಸಂದಿಗಳನ್ನು ಕೆದಕುತ್ತಾರೆ. ಪಕ್ಕದಲ್ಲಿ ನಾಣ್ಯ ಹಾಕಿದರೆ ನಾಲ್ಕೇ ನಿಮಿಷ ಓಡುವ ಧೂಳು ಹೀರುವ ಯಂತ್ರ.

"ಮೊದಲು ಕಸವನ್ನೆಲ್ಲ ಒಂದು ಕಡೆ ಗುಡ್ಡೆ ಮಾಡ್ಕೋಬೇಕು ಕಂದಾ. ಆಮೇಲೆ ನಾಣ್ಯ. ಯಂತ್ರ ಓಡ್ತಿರುವಾಗ ಕಸ ಹುಡುಕ್ತಾ ಕೂತ್ರೆ ದುಡ್ಡು ಗಾಳಿಗೆ ಹೋಯ್ತು" ಎಂದು ಪಕ್ಕದಲ್ಲಿ ನಿಂತ ನನಗೆ ಹೇಳುತ್ತಾರೆ.

ಐವತ್ತೆಂಟರ ವರ್ಲೀನ್ ನಮ್ಮ ಬೀದಿಯವರು. ಡಯಾಲಿಸಿಸ್ ಮಾಡಿಸಿಕೊಳ್ಳುವವರನ್ನು ಮನೆಯಿಂದ ಆಸ್ಪತ್ರೆಗೆ, ಆಸ್ಪತ್ರೆಯಿಂದ ಮನೆಗೆ ಬಿಡುವುದು ಅವರ ಕೆಲಸ. ದಿನಕ್ಕೆ ಎಂಟು ಜನ. ವಾಂತಿ, ಬೆವರು, ಹಿಮ ಕರಗಲೆಂದು ರಸ್ತೆಗೆ ಸುರಿದ ಉಪ್ಪು ಬೂಟಿಗಂಟಿ ಮ್ಯಾಟಿನ ಮೇಲೆ ಮೂಡಿಸುವ ಬಿಳಿ ಗೆರೆ, ಎಲ್ಲಕ್ಕೂ ಅವರ ಬಳಿ ಇರುವುದು ನೀರು ಬೆರೆಸಿದ ವಿನೆಗರ್, ಅಡುಗೆ ಸೋಡಾ, ಹರಿದ ಬನಿಯನ್ನಿನ ತುಂಡುಗಳು. ಅಂಗಡಿಗೆ ಕೊಟ್ಟು ತೊಳೆಸಿದರೆ ಎರಡು ದಿನದ ದುಡಿಮೆ ಅಲ್ಲಿಗೇ ಆಯಿತು. ಹಾಗೆಂದು ಬಿಡುವಂತಿಲ್ಲ. ಕೆಲಸ ಕೊಡುವ ಕಂಪನಿಗೆ ಪ್ರತಿ ಸೋಮವಾರ ಕಾರಿನ ಒಳಗಿನ ಫೋಟೊ ಕಳಿಸಬೇಕು.

"ಕಂಪನಿ ಕೇಳದಿದ್ರೂ ತೊಳೀತಿದ್ದೆ. ಇವರ ಮೈಯಲ್ಲಿ ತ್ರಾಣ ಇಲ್ಲ. ನನ್ನ ಸೀಟಿಂದ ಇವರಿಗೆ ಇನ್ನೊಂದು ಕಾಯಿಲೆ ಅಂಟಬಾರದು."

ನಾಲ್ಕು ವರ್ಷ ಅವರ ಕಾರಿನ ಮುಂದಿನ ಸೀಟಿನಲ್ಲಿ ವಾರಕ್ಕೆ ಮೂರು ಸಲ ಕೂರುತ್ತಿದ್ದವರು ಎಲ್ಮೋರ್ ಪ್ರೂಯಿಟ್. ಎರಕದ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಒಂಟಿ ಜೀವ. ಬಾಗಿಲು ತೆರೆದ ಕೂಡಲೇ ಅವರದ್ದು ಶುರು: "ಏನವ್ವಾ, ಕಾರು ಓಡಿಸ್ತೀಯೋ, ಉಪ್ಪಿನಕಾಯಿ ಹಾಕ್ತೀಯೋ? ಈ ವಿನೆಗರ್ ವಾಸನೆಗೆ ಭರಣಿಯೊಳಗೆ ಕೂತಂಗಾಗ್ತದೆ."

"ಹಂಗಾದ್ರೆ ನಡ್ಕೊಂಡ್ ಬನ್ನಿ ಯಜಮಾನ್ರೇ" ಎನ್ನುತ್ತಿದ್ದರು ವರ್ಲೀನ್.

ಹೋದ ಫೆಬ್ರವರಿಯ ಒಂದು ಮಧ್ಯಾಹ್ನ, ಚಿಕಿತ್ಸೆ ಮುಗಿಸಿ ಮರಳುವಾಗ, ಪ್ರೂಯಿಟ್ ಅವರ ತೋಳಿನಲ್ಲಿ ಸೂಜಿ ಚುಚ್ಚಿದ್ದ ಜಾಗದ ಪಟ್ಟಿ ಸಡಿಲವಾಯಿತು. ಕೋಟಿನ ತೋಳು ತೊಯ್ದು ರಕ್ತ ಸೀಟಿಗೆ ಸುರಿಯತೊಡಗಿತು. ವರ್ಲೀನ್ ಕಾರನ್ನು ರಸ್ತೆ ಬದಿಗೆ ಎಳೆದು ಆಂಬುಲೆನ್ಸಿಗೆ ಫೋನು ಮಾಡಿದರು. ಅದು ಬರುವವರೆಗೂ, ಹನ್ನೊಂದು ನಿಮಿಷ, ಗಾಯದ ಮೇಲೆ ಎರಡೂ ಹೆಬ್ಬೆರಳು ಒತ್ತಿ ಕೂತರು.

"ಅವರು ಬಿಳಿಚಿಕೊಂಡು ಹೋಗಿದ್ರು. ಅಷ್ಟರಲ್ಲೂ 'ನಿನ್ನ ಸೀಟು ಹಾಳ್ ಮಾಡ್ಬಿಟ್ಟೆನಲ್ಲವ್ವಾ' ಅಂದ್ರು. 'ಸುಮ್ನಿರಿ ಯಜಮಾನ್ರೇ, ಸೀಟು ಸಾಯಲ್ಲ' ಅಂದೆ."

ಪ್ರೂಯಿಟ್ ಉಳಿದರು. ವರ್ಲೀನ್ ಎರಡು ದಿನ ತಣ್ಣೀರು, ಉಪ್ಪು ಹಾಕಿ ತಿಕ್ಕಿದರು. ಬಿಸಿನೀರು ಹಾಕಿದರೆ ರಕ್ತ ಬಟ್ಟೆಗೆ ಕಚ್ಚಿಕೊಳ್ಳುತ್ತದೆಂದು ಅವರಿಗೆ ಗೊತ್ತು. ಗಾಯ ತೊಳೆಯುವ ಔಷಧಿಯನ್ನೂ ಸುರಿದರು. ಕೊನೆಗೂ ಅಂಗೈಯಗಲದ ಕಂದು ಕಲೆ ಉಳಿಯಿತು. ಸೋಮವಾರ ಫೋಟೊ ಹೋಯಿತು. ಅವತ್ತೇ ಉತ್ತರ ಬಂತು: ವಾಹನ ಕೊಳಕು, ಸೇವೆ ಸ್ಥಗಿತ.

ಹೊಸ ಸೀಟಿನ ಬೆಲೆ ಕೈಗೆ ಎಟುಕಲಿಲ್ಲ. ಅದೇ ಮಾದರಿಯ ಸೀಟಿಗಾಗಿ ಅವರು ಗುಜರಿ ಕಾರುಗಳ ಅಂಗಳಗಳಲ್ಲಿ ಹಿಮ ಕೆದರುತ್ತ ಅಲೆದರು. ಸಿಕ್ಕಿದ್ದು ಮೂರು ವಾರಕ್ಕೆ. ಅಷ್ಟು ದಿನ ಪ್ರೂಯಿಟ್ ಅವರನ್ನು ಬೇರೆ ಚಾಲಕರಿಗೆ ವಹಿಸಲಾಗಿತ್ತು. ಮೂರನೇ ವಾರ ಹಿಮ ಜೋರಾದಾಗ ಆ ಚಾಲಕ ಎರಡು ಸಲ ಬರಲೇ ಇಲ್ಲ. ಎರಡು ಚಿಕಿತ್ಸೆ ತಪ್ಪಿತು. ಮೈಯಲ್ಲಿ ನೀರು ತುಂಬಿ, ಶನಿವಾರ ಪ್ರೂಯಿಟ್ ತೀರಿಕೊಂಡರು.

ಸುದ್ದಿ ತಿಳಿದಾಗ ವರ್ಲೀನ್ ಗುಜರಿ ಸೀಟಿನ ಕೊನೆಯ ಬೋಲ್ಟು ಬಿಗಿಯುತ್ತಿದ್ದರಂತೆ.

"ಅವರು ನಂಗೊಂದು ಫೋನ್ ಮಾಡಿದ್ರೆ ಸಾಕಿತ್ತು. ಕಂಪನಿ ಬೇಡ ಅಂದ್ರೂ ಸೀಟಿನ ಮೇಲೆ ಟವೆಲ್ ಹಾಸಿ ಕರ್ಕೊಂಡ್ ಹೋಗ್ತಿದ್ದೆ. ಇವಳ ಸೀಟು ಹಾಳು ಮಾಡ್ದೆ ಅನ್ನೋ ನಾಚಿಕೆಗೆ ಅವರು ಮಾಡ್ಲಿಲ್ಲ ಅನ್ಸುತ್ತೆ. ನಾನಾದ್ರೂ ಮಾಡ್ಬಹುದಿತ್ತು. ನಾನೂ ಮಾಡ್ಲಿಲ್ಲ."

ಸೀಟು ಬದಲಾದ ಮೇಲೆ ಈಗ ಮತ್ತೆ ದಿನಕ್ಕೆ ಎಂಟು ಜನ. ಆದರೆ ಕಂಪನಿಯ ದಾಖಲೆಯಲ್ಲಿ ವರ್ಲೀನ್ ಹೆಸರಿನ ಮುಂದೆ 'ಕೊಳಕು' ಎಂಬ ಪದ ಹಾಗೇ ಇದೆ. ತಿದ್ದಿಸಲು ನಾಲ್ಕು ಸಲ ಫೋನು ಮಾಡಿದರು. ನಾಲ್ಕನೇ ಸಲ ಒಬ್ಬ ಹುಡುಗಿ ಮೆತ್ತಗೆ ಹೇಳಿದಳಂತೆ: "ಅಮ್ಮಾ, ನಮ್ಮಲ್ಲಿ ಇರೋದು ಎರಡೇ ಖಾನೆ. ಶುಚಿ, ಕೊಳಕು. ಇನ್ನೇನೂ ಬರೆಯೋಕೆ ಬರಲ್ಲ."

ನಿಮಗೇನು ಬೇಕು ಎಂದು ಕೇಳಿದೆ. ಹೊಸ ಕಾರು, ಹೆಚ್ಚು ಸಂಬಳ ಎನ್ನಬಹುದೆಂದು ನನ್ನ ಎಣಿಕೆ. ವರ್ಲೀನ್ ಬಟ್ಟೆ ಹಿಂಡಿ, ಕೆಂಪೇರಿದ ಕೈಗಳನ್ನು ಕಂಕುಳಲ್ಲಿ ಬಿಸಿ ಮಾಡಿಕೊಂಡರು.

"ರಕ್ತ ಅಂತ ಬರೀಲಿ. ಅದು ಕೊಳೆ ಅಲ್ಲ, ಎಲ್ಮೋರ್ ಪ್ರೂಯಿಟ್ ಅವರ ರಕ್ತ ಅಂತ ಬರೀಲಿ. ಅಷ್ಟೇ ಸಾಕು."