ಅರ್ಧಕ್ಕೆ ನಿಂತ ಬಾವುಟ

ನನ್ನ ಗಂಡನಿಗೆ ಎರಡು ವಿಷಯದಲ್ಲಿ ಯಾರೂ ಬುದ್ಧಿ ಹೇಳುವಂತಿರಲಿಲ್ಲ. ಒಂದು ಫಿಲ್ಟರ್ ಕಾಫಿ, ಇನ್ನೊಂದು ಧ್ವಜಾರೋಹಣ. ರಾಜಾಜಿನಗರದ ಶಾಲೆಯಲ್ಲಿ ಆಗಸ್ಟ್ ಹದಿನೈದಕ್ಕೆ ಬಾವುಟ ಮಡಚಿ, ಒಳಗೆ ಹೂವಿನ ಎಸಳು ತುಂಬಿ, ದಾರ ಜಗ್ಗಿದರೆ ಸಾಕು ಬಿಚ್ಚಿಕೊಳ್ಳುವ ಹಾಗೆ ಗಂಟು ಹಾಕುವ ಕೆಲಸ ಇವರದೇ ಆಗಿತ್ತಂತೆ. ಮದುವೆಯಾದಾಗಿನಿಂದ ಈ ಕಥೆಯನ್ನು ಸಾಕುಸಾಕಾಗುವಷ್ಟು ಕೇಳಿದ್ದೆ. ಆ ವಿದ್ಯೆಯನ್ನು ಸ್ವೀಡನ್ನಿನಲ್ಲಿ, ಅದೂ ಅಮೆರಿಕದ ಬಾವುಟದ ಮೇಲೆ ಪ್ರಯೋಗ ಮಾಡುತ್ತಾರೆ ಎಂದು ಮಾತ್ರ ಅಂದುಕೊಂಡಿರಲಿಲ್ಲ.

ಆಗ ನಾವು ಅಲ್ಲಿನ ಸೊಲ್ಲೆಂಟುನಾ ಎಂಬ ಊರಿನಲ್ಲಿ ಅಮೆರಿಕದ ಹೆಂಗಸೊಬ್ಬರ ಮನೆಯ ಕೆಳಭಾಗದಲ್ಲಿ ಬಾಡಿಗೆಗಿದ್ದೆವು. ಬೆಂಗಳೂರಿನ ಅಭ್ಯಾಸ ಎಲ್ಲಿ ಹೋಗುತ್ತದೆ, ನಮ್ಮನಮ್ಮೊಳಗೆ ಅವರನ್ನು ಓನರ್ ಆಂಟಿ ಎನ್ನುತ್ತಿದ್ದೆವು. ಅವರ ಗಂಡ ಸ್ವೀಡನ್ನಿನವರು, ತೀರಿಕೊಂಡಿದ್ದರು. ಒಬ್ಬನೇ ಮಗ ಅಮೆರಿಕದಲ್ಲೇ ಬೆಳೆದು, ಅಲ್ಲಿನ ಸೈನ್ಯ ಸೇರಿ, ಆ ಬೇಸಿಗೆಯಲ್ಲಿ ಇರಾಕಿನಲ್ಲಿದ್ದ. ಕೆಲವು ವಾರಗಳಿಂದ ಅವನ ಸುದ್ದಿಯೇ ಇರಲಿಲ್ಲ. "ಜುಲೈ ನಾಲ್ಕಕ್ಕೆ ಹೇಗಾದರೂ ಫೋನ್ ಮಾಡ್ತೀನಿ ಅಂದಿದ್ದಾನೆ" ಎಂದು ಆಂಟಿ ಅವತ್ತು, ಅವರ ದೇಶದ ಸ್ವಾತಂತ್ರ್ಯ ದಿನ, ಬೆಳಿಗ್ಗೆಯಿಂದ ಕಾರ್ಡ್‌ಲೆಸ್ ಫೋನನ್ನು ಏಪ್ರನ್ ಜೇಬಿನಲ್ಲಿಟ್ಟುಕೊಂಡೇ ಓಡಾಡುತ್ತಿದ್ದರು. ಬಚ್ಚಲಿಗೂ ಅದು ಜೊತೆಗೇ ಹೋಗುತ್ತಿತ್ತು.

ಬಾವುಟ ಹಾರಿಸುವುದೋ ಬೇಡವೋ ಎಂಬುದೇ ಅವರಿಗೊಂದು ತಳಮಳ. ನಮ್ಮ ಬೀದಿಯಲ್ಲಿ ಆ ಯುದ್ಧ ಯಾರಿಗೂ ಬೇಕಿರಲಿಲ್ಲ. ಎದುರು ಮನೆಯ ಮುದುಕರು ಹಿಂದಿನ ವರ್ಷ ಅದೇ ಬಾವುಟ ನೋಡಿ ಒರಟಾಗಿ ಏನೋ ಅಂದಿದ್ದರು. ಅಲ್ಲಿಂದಾಚೆಗೆ ಎರಡು ಮನೆಗೂ ಮಾತಿಲ್ಲ. ಕೊನೆಗೆ ಆಂಟಿ, "ಹಾರಿಸಿಬಿಡೋಣ. ಅವನು ಫೋನಲ್ಲಿ ಕೇಳಿದರೆ ಇಲ್ಲ ಅನ್ನೋಕೆ ನನ್ನ ಕೈಲಾಗಲ್ಲ" ಎಂದರು.

ಅಂಗಳದ ಮೇಜಿನ ಮೇಲೆ ಬಾವುಟ ಹರಡಿ ಆಂಟಿ ನಮ್ಮ ಪುಟ್ಟ ಮಗಳಿಗೆ ಅದರ ಕಥೆ ಹೇಳಿದರು. ಹದಿಮೂರು ಪಟ್ಟೆ ಅಂದರೆ ಮೊದಲಿನ ಹದಿಮೂರು ವಸಾಹತುಗಳು. ಎಲ್ಲೋ ದೂರದಲ್ಲಿ ಕೂತ ರಾಜ ಇವರನ್ನು ಒಂದು ಮಾತೂ ಕೇಳದೆ ತೆರಿಗೆ ಹಾಕಿದ. ಇವರು ಚಹಾದ ಪೆಟ್ಟಿಗೆಗಳನ್ನು ಸಮುದ್ರಕ್ಕೆಸೆದರು. ಆಮೇಲೆ, ಇನ್ನು ನೀನು ನಮ್ಮ ರಾಜನಲ್ಲ ಎಂದು ಬರೆದು ಊರೂರಲ್ಲಿ ಓದಿಸಿದರು.

"ರಾಜನಿಗೆ ಬೇಜಾರಾಯ್ತಾ?" ಎಂದು ಮಗಳು ಸ್ವೀಡಿಷಿನಲ್ಲಿ ಕೇಳಿದಳು.

"ಆಗದೇ ಇರುತ್ತಾ?" ಎಂದು ಇವರು ನಡುವೆ ಬಾಯಿ ಹಾಕಿದರು. ಆಂಟಿಯತ್ತ ತಿರುಗಿ, "ನಿಮಗೆ ಸೋತು ಶರಣಾದ ಬ್ರಿಟಿಷ್ ಸೇನಾಪತಿ ಇದ್ದನಲ್ಲ, ಅವನನ್ನೇ ಮುಂದೆ ನಮ್ಮ ಕಡೆ ಅಟ್ಟಿದರು. ಬೆಂಗಳೂರು ಕೋಟೆ ಒಡೆದವನು ಅವನೇ. ನೀವು ಹಿಡಿದಿಟ್ಟುಕೊಂಡಿದ್ದರೆ ನಾವು ಬಚಾವಾಗ್ತಿದ್ವಿ" ಎಂದರು. ಆಂಟಿ ನಕ್ಕರು. ಅಷ್ಟು ಹೊತ್ತಿನಲ್ಲಿ ಅವರ ಮುಖ ಸಡಿಲವಾಗಿದ್ದು ಅದೇ ಮೊದಲು.

ಅವರು ಆಲೂಗೆಡ್ಡೆ ಸಲಾಡ್ ತರಲು ಒಳಗೆ ಹೋದದ್ದೇ ತಡ, ಇವರು ಬೇಲಿಯ ಗುಲಾಬಿ ಕಿತ್ತು ಎಸಳು ಬಿಡಿಸತೊಡಗಿದರು.

"ರೀ, ಅವರ ಬಾವುಟ, ಅವರ ಪದ್ಧತಿ. ಸುಮ್ನೆ ಕಟ್ಟಿ ಎಳೀರಿ" ಎಂದೆ.

"ಸ್ವಾತಂತ್ರ್ಯ ದಿನ ಅಂದ್ಮೇಲೆ ಹೂವಿಲ್ಲದೆ ಹೇಗೆ ಕಣೇ? ನೋಡ್ತಿರು, ಆಂಟಿ ತಲೆ ಮೇಲೇ ಬೀಳಬೇಕು."

ಬಾವುಟದ ಗಂಟು ಕಂಬದ ಅರ್ಧದವರೆಗೆ ಠೀವಿಯಿಂದಲೇ ಏರಿತು. ಅಲ್ಲಿ ಗಾಳಿ ಬೀಸಿ ಕುಣಿಕೆ ತಾನಾಗಿಯೇ ಬಿಚ್ಚಿಕೊಂಡಿತು. ಎಸಳೆಲ್ಲ ಪಕ್ಕದ ಮನೆಗೆ ಹಾರಿಹೋದವು. ಜಗ್ಗಲೆಂದು ಇಳಿಬಿಟ್ಟಿದ್ದ ಉದ್ದನೆಯ ದಾರ ಕಂಬಕ್ಕೂ ಹಗ್ಗಕ್ಕೂ ಸೇರಿಸಿ ಸುತ್ತಿಕೊಂಡುಬಿಟ್ಟಿತು. ಇವರು ಎಳೆದಷ್ಟೂ ಬಿಗಿಯಾಯಿತು. ಬಾವುಟ ಮೇಲಕ್ಕೂ ಹೋಗದು, ಕೆಳಕ್ಕೂ ಬಾರದು.

ಸ್ವೀಡನ್ನಿನಲ್ಲಿ ಒಂದು ಮನೆಯಲ್ಲಿ ಸಾವಾದರೆ ಅಂಗಳದ ಬಾವುಟವನ್ನು ಅರ್ಧಕ್ಕೆ ನಿಲ್ಲಿಸುತ್ತಾರೆ. ಬೀದಿಗೆ ಸುದ್ದಿ ಮುಟ್ಟುವುದೇ ಹಾಗೆ. "ಬೇಗ ಇಳಿಸ್ರೀ, ಅವರು ಬರೋದ್ರೊಳಗೆ" ಎಂದು ಪಿಸುಗುಟ್ಟಿದೆ. ಇವರ ಕುತ್ತಿಗೆಯಿಂದ ಬೆವರಿಳಿಯುತ್ತಿತ್ತು. ನಾನೂ ಹೋಗಿ ಹಗ್ಗಕ್ಕೆ ಜೋತುಬಿದ್ದೆ. ಹೂವು ಬೇಡ ಅಂತ ಬಡಕೊಂಡೆ, ಕೇಳಿದರಾ ಈ ಮನುಷ್ಯ, ಎಂದು ಮೈಯೆಲ್ಲ ಉರಿಯುತ್ತಿತ್ತು.

ಗೇಟು ಸದ್ದಾಯಿತು. ಎದುರು ಮನೆಯ ಮುದುಕರು ಟೋಪಿ ಕೈಯಲ್ಲಿ ಹಿಡಿದು ಒಳಗೆ ಬರುತ್ತಿದ್ದರು. ಅದೇ ಹೊತ್ತಿಗೆ ಆಂಟಿ ಸಲಾಡಿನ ಬಟ್ಟಲು ಹಿಡಿದು ಹೊರಬಂದರು. ನಾನು "ಇಲ್ಲ, ಇಲ್ಲ" ಎನ್ನುತ್ತ ಓಡುವಷ್ಟರಲ್ಲಿ ಮುದುಕರು ಮೆಟ್ಟಿಲ ಹತ್ತಿರ ಹೋಗಿ ಅವರ ಮೊಣಕೈ ಹಿಡಿದು, ನಿಮ್ಮ ದುಃಖದಲ್ಲಿ ನಾನೂ ಇದ್ದೇನೆ, ಹೋದ ವರ್ಷದ ಮಾತಿಗೆ ಕ್ಷಮಿಸಿ ಎಂದು ಸ್ವೀಡಿಷಿನಲ್ಲಿ ಹೇಳಿಯಾಗಿತ್ತು.

ಆಂಟಿ ಬಟ್ಟಲನ್ನು ನಿಧಾನವಾಗಿ ಮೆಟ್ಟಿಲ ಮೇಲಿಟ್ಟರು. "ನಿಮಗೆ ಯಾರು ಹೇಳಿದರು?" ಎಂದರು.

ನಾನು ಅವರ ಭುಜ ಹಿಡಿದು, ಯಾರೂ ಏನೂ ಹೇಳಿಲ್ಲ, ಹಗ್ಗ ಸಿಕ್ಕಿಕೊಂಡಿದೆ, ನಮ್ಮವರ ತಪ್ಪು ಎಂದು ಒಂದೇ ಉಸಿರಿಗೆ ಹೇಳಿದೆ. ಅವರು ಬಾವುಟ ನೋಡಿದರು, ಮುದುಕರನ್ನು ನೋಡಿದರು, ಕುಸಿದು ಕೂತರು. ಅರ್ಥವಾಯಿತು ಎಂದು ತಲೆಯಾಡಿಸಿದರು. ಆದರೆ ಮಗ ಸತ್ತ ಸುದ್ದಿಯನ್ನು ಒಮ್ಮೆ ಕೇಳಿಬಿಟ್ಟಿದ್ದರಲ್ಲ, ಅದು ಅವರನ್ನು ಬಿಟ್ಟುಹೋಗಲಿಲ್ಲ.

ಮುದುಕರು ಮನೆಯಿಂದ ಏಣಿ ತಂದರು. ಇವರು ಹತ್ತಿ ದಾರ ಕತ್ತರಿಸಿದರು. ಬಾವುಟ ತುದಿ ಮುಟ್ಟಿದಾಗ ಯಾರೂ ಚಪ್ಪಾಳೆ ತಟ್ಟಲಿಲ್ಲ. ಹಬ್ಬದೂಟಕ್ಕೆಂದು ಅಂಗಳದ ಒಲೆಯ ಗ್ರಿಲ್ ಮೇಲಿಟ್ಟಿದ್ದದ್ದು ಕರಕಲಾಯಿತು. ಮುದುಕರು ವಾಪಸ್ ಹೋಗದೆ ಏಣಿ ಒರಗಿಸಿ ಅಲ್ಲೇ ಕೂತರು. ಇವರು ತಲೆ ಎತ್ತಲಿಲ್ಲ. ಸಂಜೆಯಾದರೂ ಬಿಸಿಲು ಇಳಿಯದ ಆ ದೇಶದಲ್ಲಿ ಕಾಯುವವರಿಗೆ ಹೊತ್ತೇ ಹೋಗುವುದಿಲ್ಲ.

ಆಮೇಲೆ ಫೋನ್ ಹೊಡೆದುಕೊಂಡಿತು.

ಆಂಟಿ ಅದನ್ನು ಜೇಬಿನಿಂದ ತೆಗೆದರು. ಕಿವಿಗಿಡಲಿಲ್ಲ. ಅದು ಹೊಡೆದುಕೊಳ್ಳುತ್ತಲೇ ಇತ್ತು. "ಯಾರಾದರೂ ಆಫೀಸರ್ ಆಗಿದ್ದರೆ?" ಎಂದು ನನ್ನ ಕಡೆ ಚಾಚಿದರು. "ನೀನು ತಗೋ."

ಗುಂಡಿ ಒತ್ತಿದೆ. ಬರೀ ಗೊರಗೊರ ಸದ್ದು. ಅದರೊಳಗಿಂದ, ಬಹಳ ದೂರದಿಂದ, ಒಬ್ಬ ಹುಡುಗನ ದನಿ "ಮಾಮ್?" ಎಂದಿತು.

ಕಲಿತ ಇಂಗ್ಲಿಷೂ ಸ್ವೀಡಿಷೂ ಆ ಕ್ಷಣಕ್ಕೆ ಒದಗಲಿಲ್ಲ. "ಬದುಕಿದಾನೆ ಕಣ್ರೀ!" ಎಂದು ಇವರತ್ತ ಕೂಗಿದೆ. ಕನ್ನಡದ ಒಂದಕ್ಷರ ಬಾರದ ಆಂಟಿ ಅಷ್ಟರಲ್ಲಾಗಲೇ ನನ್ನ ಕೈಯಿಂದ ಫೋನ್ ಕಿತ್ತುಕೊಂಡಿದ್ದರು.