ಹಣೆಯ ಮೇಲಿನ ಮೂರು ಗೆರೆ

ನಮ್ಮ ಮನೆಯವರು ಪೂಜೆ ಮುಗಿಸಿ ಹೊರಗೆ ಬಂದ ಕೂಡಲೇ ನಾನು ಕೈಯಲ್ಲಿದ್ದ ಕೆಲಸ ಬಿಟ್ಟು ಅವರ ಹಣೆ ನೋಡುತ್ತೇನೆ. ಎಂಥ ಪತಿಭಕ್ತಿ ಎಂದು ನೀವು ಮೆಚ್ಚಿಕೊಳ್ಳುವ ಮೊದಲೇ ಹೇಳಿಬಿಡುತ್ತೇನೆ, ಭಕ್ತಿಗೂ ಇದಕ್ಕೂ ಸಂಬಂಧವಿಲ್ಲ. ನಿನ್ನೆಯ ಹಾಲನ್ನು ಒಲೆಗಿಡುವ ಮುಂಚೆ ಮೂಸಿ ನೋಡುತ್ತೇವಲ್ಲ, ಆ ಜಾತಿಯ ನೋಟ ಇದು. ವಿಭೂತಿಯ ಮೂರು ಗೆರೆಗಳು ನೇರವಾಗಿದ್ದರೆ ಒಗ್ಗರಣೆಗೆ ಸಾಸಿವೆ ಬೀಳುತ್ತದೆ. ಇಲ್ಲದಿದ್ದರೆ ಏನು ಎನ್ನುವುದನ್ನು ಹೇಳಲೆಂದೇ ಈಗ ಬರೆಯಲು ಕುಳಿತಿದ್ದೇನೆ.

ಇವರು ಜಾಲಹಳ್ಳಿಯ ಕಾರ್ಖಾನೆಯೊಂದರ ಟೂಲ್ ರೂಮಿನಲ್ಲಿ ಸೂಪರ್‌ವೈಸರ್. ಕೂದಲೆಳೆಯ ದಪ್ಪವನ್ನೂ ಭಾಗ ಮಾಡಿ ಅಳೆಯುವ ಕೆಲಸ. ಮನೆಗೆ ಬಂದರೂ ಆ ಕಣ್ಣನ್ನು ಕಳಚಿಡುವುದಿಲ್ಲ. ಗೋಡೆಯ ಕ್ಯಾಲೆಂಡರ್ ಸ್ವಲ್ಪ ವಾಲಿದ್ದರೆ ಊಟಕ್ಕೆ ಕೂರರು. ನಾನು ಲಟ್ಟಿಸಿದ ಚಪಾತಿಯನ್ನು ತಟ್ಟೆಯಲ್ಲಿ ಒಂದು ಸುತ್ತು ತಿರುಗಿಸಿ ನೋಡಿಯೇ ಮುರಿಯುತ್ತಾರೆ. ಅಂಥವರು ವಿಭೂತಿ ಹಚ್ಚಿಕೊಳ್ಳಲು ಕನ್ನಡಿ ನೋಡಿದ್ದನ್ನು ನಾನು ಕಂಡಿಲ್ಲ. ದಾವಣಗೆರೆಯಲ್ಲಿ ಚಿಕ್ಕಂದಿನಲ್ಲಿ ಅಜ್ಜ ಕಲಿಸಿದಂತೆ ವಿಭೂತಿ ಗಟ್ಟಿಗೆ ನೀರು ಸೋಕಿಸಿ, ಮೂರು ಬೆರಳು ಒತ್ತಿ, ಕಣ್ಣು ಮುಚ್ಚಿ ಎಡದಿಂದ ಬಲಕ್ಕೆ ಒಮ್ಮೆ ಎಳೆದರೆ ಮುಗಿಯಿತು, ಸ್ಕೇಲಿಟ್ಟು ಗೀಚಿದ ಹಾಗೆ. ರಂಗೋಲಿಯ ಗೆರೆ ಎಳೆದರೆ ಹಾವು ಹರಿದಂತೆ ಕಾಣುವ ನನಗೆ ಹೊಸದರಲ್ಲಿ ಇದರ ಮೇಲೆ ಸಣ್ಣ ಹೊಟ್ಟೆಕಿಚ್ಚೂ ಇತ್ತು.

ಇಂಥ ಲೆಕ್ಕಾಚಾರದ ಮನುಷ್ಯರಿಗೆ ಬೆಟ್ಟದ ಹುಚ್ಚು ಹಿಡಿಸಿದವನು ನಾಗರಾಜ. ಅದೇ ಕಾರ್ಖಾನೆಯ ಇನ್‌ಸ್ಪೆಕ್ಷನ್ ವಿಭಾಗದವನು, ಅಲ್ಲಿಯ ಚಾರಣ ಬಳಗದ ಮುಂದಾಳು. ಹೋದ ವರ್ಷ ಕ್ವಾರ್ಟರ್ಸಿನ ಸಭಾಂಗಣದಲ್ಲಿ ಅವನು ಹಿಮಾಲಯದ ಸ್ಲೈಡುಗಳನ್ನು ತೋರಿಸಿದ. ಅದನ್ನು ನೋಡಿ ಬಂದ ರಾತ್ರಿ ಇವರು ಚಪಾತಿಯನ್ನು ತಿರುಗಿಸಿ ನೋಡದೆಯೇ ಮುರಿದರು. ನಾವು ಕೊರಳಲ್ಲಿ ಇಷ್ಟಲಿಂಗ ಕಟ್ಟಿಕೊಂಡವರು, ದಿನವೂ ಅದನ್ನು ಅಂಗೈಯ ಮೇಲಿಟ್ಟು ಪೂಜಿಸುವವರು. “ದಿನಾ ಶಿವನೇ ನಮ್ಮನೀಗೆ ಬರ್ತಾನೆ. ಒಂದ್ಸಲ ಅವನ ಮನೆ ನೋಡ್ಬೇಕು ಕಣೇ” ಎಂದರು. ಐವತ್ತು ದಾಟಿತ್ತು, ಮಂಡಿ ಮಾತಾಡಲು ಶುರುಮಾಡಿತ್ತು. ಈ ಸಲ ಬಿಟ್ಟರೆ ಮತ್ತೆ ಇಲ್ಲ ಎನ್ನುವುದು ಇಬ್ಬರಿಗೂ ಗೊತ್ತಿತ್ತು. ಒಬ್ಬರನ್ನೇ ಕಳಿಸಲು ಮನಸ್ಸಾಗದೆ ಬಳಗದ ಹಿಮಾಲಯ ಚಾರಣಕ್ಕೆ ನಾನೂ ಹೆಸರು ಕೊಟ್ಟೆ.

ಎಸ್‌ಟಿಡಿ ಬೂತಿನಿಂದ ಅತ್ತೆಯವರಿಗೆ ಸುದ್ದಿ ತಿಳಿಸಿದಾಗ ಅವರು ಕೇಳಿದ್ದು ಒಂದೇ ಮಾತು. “ಕೊಳ್ಳಾಗೆ ಶಿವನ್ನ ಕಟ್ಕಂಡು ಇನ್ಯಾವ ಶಿವನ್ನ ಹುಡುಕ್ಕಂಡು ಹೊಂಟೀರಪ್ಪಾ?” ಯೋಚಿಸಿದರೆ ನಮ್ಮ ದೇವರುಗಳಿಗೆ ಎತ್ತರದಲ್ಲಿ ಮನೆ ಮಾಡುವ ಅಭ್ಯಾಸ. ಎಲ್ಲಮ್ಮನಿಗೆ ಗುಡ್ಡ, ಚಾಮುಂಡಿಗೆ ಬೆಟ್ಟ, ಮಾದಪ್ಪನಿಗಂತೂ ಎಪ್ಪತ್ತೇಳು ಮಲೆ. ಶರಣರು ಈ ತಾಪತ್ರಯವೇ ಬೇಡವೆಂದು ದೇವರನ್ನು ಅಂಗೈಗೆ ಇಳಿಸಿಕೊಟ್ಟರು. ನಾವು ಅವನನ್ನು ಹೊತ್ತುಕೊಂಡು ಮತ್ತೆ ಮೇಲಕ್ಕೆ ಹೊರಟಿದ್ದೆವು.

ಬೆನ್ನಿಗೆ ಅಕ್ಕಿಚೀಲ ಕಟ್ಟಿಕೊಂಡು ಕ್ವಾರ್ಟರ್ಸಿನ ನೀರಿನ ಟ್ಯಾಂಕಿನ ಮೆಟ್ಟಿಲು ಹತ್ತಿ ಇಳಿಯುವುದು ನಮ್ಮ ಅಭ್ಯಾಸವಾಯಿತು. ಪಕ್ಕದ ಮನೆಯ ಸರೋಜಮ್ಮ ಕಾಂಪೌಂಡಿನ ಆಚೆಯಿಂದ, “ಏನಕ್ಕಾ, ಟ್ಯಾಂಕಲ್ಲಿ ನೀರ್ ನೋಡ್ಕೊಂಡ್ ಬಂದ್ರಾ? ಇವತ್ತೆಷ್ಟೊತ್ತಿಗ್ ಬಿಡ್ತಾರಂತೆ?” ಎಂದು ಕೇಳುತ್ತಿದ್ದರು. ಏದುಸಿರಿನಲ್ಲಿ ಅವರಿಗೆ ಉತ್ತರ ಕೊಡುವುದೂ ಒಂದು ಅಭ್ಯಾಸವೇ ಆಯಿತು.

ಹಿಮಾಚಲದ ಆ ಶಿಖರದ ಹೆಸರನ್ನು ನಾನು ಹೇಳುವುದಿಲ್ಲ. ಹತ್ತಿ ಮುಗಿಸದ ಬೆಟ್ಟದ ಹೆಸರು ಹೇಳಿಕೊಂಡು ತಿರುಗುವುದು ಮರ್ಯಾದೆಯಲ್ಲ. ಮೊದಲ ದಿನಗಳು ಹಿತವಾಗಿಯೇ ಇದ್ದವು. ಮೇಲೇರಿದಂತೆ ಮಾತು ಕಡಿಮೆಯಾಯಿತು. ಒಂದು ವಾಕ್ಯಕ್ಕೆ ಎರಡು ಉಸಿರು ಬೇಕಾಗುವಲ್ಲಿ ಮನುಷ್ಯ ಬೇಕಾದಷ್ಟನ್ನೇ ಆಡುತ್ತಾನೆ. ನಮ್ಮ ಮಹಿಳಾ ಸಮಾಜದ ಸಭೆಯನ್ನು ಇಲ್ಲಿ ಕರೆಯಬೇಕು ಎಂದುಕೊಂಡೆ. ಲಿಂಗವಿಟ್ಟ ಬೆಳ್ಳಿಯ ಕರಡಿಗೆ ಎದೆಗೆ ತಾಗಿದರೆ ಚಳಿಗೆ ಚುರ್ ಎನ್ನುತ್ತಿತ್ತು.

ಕೊನೆಯ ಬಿಡಾರ ತಲುಪಿದ ಸಂಜೆ ಶೇಂಗಾ ಚಟ್ನಿಪುಡಿಯ ಡಬ್ಬಿ ಬಿಚ್ಚಿದೆ. ಇವರು ಬೇಡ ಎಂದರು. ಮದುವೆಯಾದಾಗಿನಿಂದ ಆ ಡಬ್ಬಿಗೆ ಅವರು ಬೇಡ ಎಂದದ್ದಿಲ್ಲ. ತಲೆನೋವೇ ಎಂದು ಕೇಳಿದೆ. ಇಲ್ಲ ಎಂದರು, ಸ್ವಲ್ಪ ಬೇಗನೆ ಇಲ್ಲ ಎಂದರು. ಗಾಳಿ ತೆಳುವಾದಲ್ಲಿ ಮೊದಲು ಹೊಟ್ಟೆ ಮುಷ್ಕರ ಹೂಡುತ್ತದೆ, ಆಮೇಲೆ ತಲೆ ಎಂದು ನಾಗರಾಜ ಜಾಲಹಳ್ಳಿಯಲ್ಲೇ ಹೇಳಿದ್ದ. ಆಗಲೂ ಇಳಿಯದೆ ಹತ್ತಿದವರಿಗೆ ಹೆಜ್ಜೆ ತಪ್ಪುತ್ತದೆ, ಬುದ್ಧಿ ಮಸುಕಾಗುತ್ತದೆ, ಜೀವವೂ ಹೋಗಬಹುದು ಎನ್ನುವುದನ್ನು ಹೆಂಗಸರಿಗೆ ಕೇಳದಿರಲೆಂದು ದನಿ ತಗ್ಗಿಸಿ ಹೇಳಿದ್ದ. ಹಾಗಾಗಿ ನನಗೆ ಚೆನ್ನಾಗಿ ಕೇಳಿಸಿತ್ತು.

ಬೆಳಕು ಮೂಡುತ್ತಲೇ ಶಿಖರಕ್ಕೆ ಹೊರಡಬೇಕಿತ್ತು. ಹಿಮ ಕರಗಿಸಿದ ನೀರಿನಲ್ಲಿ ಪೂಜೆ ಮುಗಿಸಿ ಇವರು ಗುಡಾರದಿಂದ ಹೊರಗೆ ಬಂದರು. ಶಿಖರ ಕೈ ಚಾಚಿದರೆ ಸಿಗುವಂತೆ ಎದುರಿಗೇ ನಿಂತಿತ್ತು. ಎಲ್ಲರೂ ಅದನ್ನು ನೋಡುತ್ತಿದ್ದರು. ನಾನು ಇವರ ಹಣೆ ನೋಡಿದೆ. ಮೂರು ಗೆರೆಗಳು ಎಡಗಡೆ ಸರಿಯಾಗಿ ಹೊರಟು, ನಡುವೆ ದಾರಿ ಮರೆತು, ಬಲಗಡೆ ಹುಬ್ಬನ್ನು ದಾಟಿ ಕೆನ್ನೆಗೆ ಇಳಿದಿದ್ದವು.

ನಾಗರಾಜನನ್ನು ಪಕ್ಕಕ್ಕೆ ಕರೆದು ಹೇಳಿದೆ. ಅವನು ಸಮಾಧಾನ ಮಾಡಲು ನೋಡಿದ. “ಚಳಿಗೆ ಕೈ ನಡುಗಿರತ್ತೆ ಬಿಡಿ ಅಕ್ಕಾ. ಇಷ್ಟ್ ದೂರ ಬಂದಿದೀವಿ.”

“ನಡುಗಿದ್ರೆ ಗೆರೆ ಅಲೆಅಲೆಯಾಗಿ ಬರ್ತಿತ್ತು ನಾಗರಾಜ. ಇದು ಜಾರಿದೆ.”

ಅವನು ಜೇಬಿನಿಂದ ಪುಟ್ಟ ಕನ್ನಡಿ ತೆಗೆದು ಇವರ ಮುಂದೆ ಹಿಡಿದ. ಇವರು ಸಾವಕಾಶವಾಗಿ, ಕಣ್ಣು ಕಿರಿದು ಮಾಡಿ, ಕಾರ್ಖಾನೆಯಲ್ಲಿ ನೋಡುವ ಹಾಗೆಯೇ ನೋಡಿಕೊಂಡರು.

“ಸರಿಯಾಗೇ ಐತಲ್ಲ. ಏನಾಗೈತೆ ಇದಕ್ಕೆ?”

ಗೆರೆ ಸೊಟ್ಟಗಾದದ್ದಕ್ಕಿಂತ ಅದು ಅವರಿಗೆ ನೇರವಾಗಿ ಕಂಡದ್ದು ಹೆಚ್ಚು ಹೆದರಿಸಿತು. ನಾಗರಾಜನ ಮುಖವೂ ಬಣ್ಣಗೆಟ್ಟಿತು; ಈ ಕಣ್ಣಿನ ಅಳತೆ ಅವನಿಗೂ ಗೊತ್ತು. ಕೋಲಿನಿಂದ ಹಿಮದ ಮೇಲೆ ಗೆರೆ ಎಳೆದು, ಒಂದು ಕಾಲಿನ ಹಿಮ್ಮಡಿಗೆ ಇನ್ನೊಂದು ಕಾಲಿನ ಬೆರಳು ತಾಗಿಸುತ್ತ ಅದರ ಮೇಲೆ ನಡೆಯಿರಿ ಸಾರ್ ಎಂದ. ಎರಡನೆಯ ಹೆಜ್ಜೆಗೇ ಅವನ ಮೇಲೆ ವಾಲಿದರು.

ಇಳಿಯೋಣ ಎಂದರೆ ಇವರು ಹಿಮದ ಮೇಲೆ ಕುಳಿತುಬಿಟ್ಟರು. ಕಾಣುತ್ತಿದೆಯಲ್ಲ ಶಿಖರ, ನೀನು ಬೇಕಾದರೆ ಇಳಿ, ನಾನು ಬರುವುದಿಲ್ಲ ಎಂದರು. ಅಂಥ ಕಟುದನಿಯನ್ನು ನಾನು ಅವರ ಬಾಯಲ್ಲಿ ಕೇಳಿರಲಿಲ್ಲ. ಎತ್ತಿ ಒಯ್ಯುವುದು ಆ ಇಳಿಜಾರಿನಲ್ಲಿ ಆಗದ ಮಾತು. ನಾಗರಾಜ ಬೇಡಿಕೊಂಡ, ಗದರಿದ. ಉಪಯೋಗವಾಗಲಿಲ್ಲ. ಸ್ವಲ್ಪ ಹೊತ್ತಿಗೆ ಇವರ ಕಣ್ಣು ಎತ್ತಲೋ ಅಲೆದು ನನ್ನ ಮೇಲೆ ನಿಂತಿತು.

“ಸೈರನ್ ಆತೇನೇ?” ಎಂದರು.

ಕೆಲಸಕ್ಕೆ ಸೇರಿದಂದಿನಿಂದ ಕಾರ್ಖಾನೆಯ ಬಸ್ಸು ತಪ್ಪಿಸಿಕೊಂಡವರಲ್ಲ ಇವರು. ಯೋಚಿಸಲು ಸಮಯವಿರಲಿಲ್ಲ. “ಆಗ್ಲೇ ಆಯ್ತು ರೀ. ಏಳಿ, ಬಸ್ಸು ಬಂದ್ಬಿಡತ್ತೆ” ಎಂದೆ. ಎದ್ದು ನಿಂತರು.

ನಾಗರಾಜ ಉಳಿದವರನ್ನು ಗೈಡಿನ ಜೊತೆ ಮೇಲಕ್ಕೆ ಕಳಿಸಿ, ಇವರ ಸೊಂಟಕ್ಕೆ ಹಗ್ಗ ಕಟ್ಟಿ ಹಿಂದಿನಿಂದ ಹಿಡಿದ. ನಾನು ಕೈ ಹಿಡಿದು ಮುಂದೆ ನಡೆದೆ. ಒಂದು ಕಡೆ ಬಂಡೆ, ಇನ್ನೊಂದು ಕಡೆ ನೋಡಬಾರದಷ್ಟು ಆಳ. ಕುಳಿತರೆ ಮತ್ತೆ ಏಳುವುದಿಲ್ಲ ಎನ್ನುವ ಹೆದರಿಕೆಗೆ ನಾನು ಬಾಯಿ ಮುಚ್ಚಲಿಲ್ಲ. ಪೋಸ್ಟಾಫೀಸು ದಾಟಿತು ರೀ, ಈಗ ಶಾಲೆ, ಅಗೋ ಸರೋಜಮ್ಮ ನೋಡುತ್ತಿದ್ದಾರೆ, ನೆಟ್ಟಗೆ ನಡೆಯಿರಿ ಎಂದು ಜಾಲಹಳ್ಳಿಯ ಬೀದಿಗಳನ್ನೆಲ್ಲ ಆ ಹಿಮದ ಮೇಲೆ ಹಾಸಿದೆ. ಬೀದಿಗಳು ಮುಗಿದವು, ಇಳಿಜಾರು ಮುಗಿಯಲಿಲ್ಲ. ಮತ್ತೆ ಮನೆಯಿಂದ ಶುರುಮಾಡಿದೆ. ಎರಡು ಬಾರಿ ಇವರ ಕಾಲು ಜಾರಿತು. ಹಗ್ಗ ಬಿಗಿದಾಗ ಹಿಂದಿನಿಂದ ನಾಗರಾಜನ ಉಸಿರು ಮಾತ್ರ ಕೇಳಿಸುತ್ತಿತ್ತು.

ಹುಲ್ಲು ಕಾಣುವಷ್ಟು ಕೆಳಗಿನ ಬಿಡಾರ ತಲುಪಿದಾಗ ಮಧ್ಯಾಹ್ನ ಕಳೆದಿತ್ತು. ಮಲಗಿದವರು ಸಂಜೆ ಎದ್ದು ಕುಳಿತು, ಕೊಟ್ಟ ಲೋಟಕ್ಕೆ ಬಾಯಿಟ್ಟು, “ಇದೇನೇ, ಕಾಫೀನೋ ಬಿಸಿನೀರೋ?” ಎಂದರು. ಆ ಬೈಗುಳ ಕೇಳಿ ನಾಗರಾಜ ಆಚೆ ತಿರುಗಿ ಕಣ್ಣೊರೆಸಿಕೊಂಡ. ಮರುದಿನ ಬೆಳಿಗ್ಗೆ ವಿಭೂತಿ ಕೇಳಿದರು. ಕಣ್ಣು ಮುಚ್ಚಿ ಮೂರು ಬೆರಳು ಎಳೆದರು. ಗೆರೆಗಳು ನೇರವಾಗಿ ಹೋಗಿ ಬಲಗಡೆ ನಿಂತವು. ಅತ್ತೆಯವರ ಪ್ರಶ್ನೆ ಆಗ ನೆನಪಾಯಿತು. ಯಾವ ಶಿವನನ್ನು ಹುಡುಕಿಕೊಂಡು ಅಷ್ಟು ದೂರ ಹೋಗಿದ್ದೆವೋ ನನಗೆ ಈಗಲೂ ಗೊತ್ತಿಲ್ಲ. ಆ ಬೆಳಿಗ್ಗೆ ಕೈ ಮುಗಿದದ್ದು ಮಾತ್ರ ಆ ಮೂರು ಗೆರೆಗೆ.

ಊರಿಗೆ ಬಂದ ಮೇಲೆ ಇವರು ಕೆಲವು ದಿನ ನನ್ನೊಡನೆ ಸರಿಯಾಗಿ ಮಾತಾಡಲಿಲ್ಲ. ಶಿಖರ ಮುಟ್ಟಿದವರಿಗೆ ಬಳಗದಲ್ಲಿ ಶಾಲು ಹೊದಿಸಿದಾಗ ಕೊನೆಯ ಸಾಲಿನಲ್ಲಿ ಕುಳಿತು ಚಪ್ಪಾಳೆ ತಟ್ಟಿದರು. ಹೇಳಿ ಸರಿಮಾಡುವಂಥದ್ದಾಗಿರಲಿಲ್ಲ ಅದು.

ಮೊನ್ನೆ ಭಾನುವಾರ ಇವರಿಗೆ ತಮಾಷೆಯ ಬುದ್ಧಿ ಬಂತು. ಬೇಕೆಂದೇ ಗೆರೆಗಳನ್ನು ಹುಬ್ಬಿನ ಮೇಲೆ ಇಳಿಸಿಕೊಂಡು ಅಡುಗೆಮನೆಯ ಬಾಗಿಲಲ್ಲಿ ನಿಂತರು. ನನ್ನ ಕೈಯ ಸೌಟು ನೆಲಕ್ಕೆ ಬಿತ್ತು. ನಕ್ಕರು; ನಾನು ನಗದ್ದನ್ನು ಕಂಡು ನಗು ನಿಲ್ಲಿಸಿದರು. ಒಳಗೆ ಹೋಗಿ ಒರೆಸಿ, ಮತ್ತೆ ಎಳೆದುಕೊಂಡು ಬಂದು, ನನ್ನ ಮುಂದೆ ತಲೆ ಬಗ್ಗಿಸಿದರು. ಅವರು ನನ್ನ ಚಪಾತಿಯನ್ನು ನೋಡುವಂತೆಯೇ ನಾನು ಆ ಹಣೆಯನ್ನು ಆಚೆ ಈಚೆ ತಿರುಗಿಸಿ ನೋಡಿದೆ. ಆಮೇಲೆ ಒಗ್ಗರಣೆಗೆ ಸಾಸಿವೆ ಹಾಕಿದೆ.