ಅಖಾಡಕ್ಕೆ ಬೆನ್ನು ಹಾಕಿ ಕೂತವನು

ಅಣ್ಣನೂ ನಾನೂ ಕೊನೆಯ ಸಲ ಕುಮಟೆಯಿಂದ ಕುಸ್ತಿ ಮುಗಿಸಿ ಬಂದ ದಿನ ಎಂದಿನಂತೆಯೇ ಇತ್ತು. ಮೈದಾನದ ಹೊರಗೆ ಚಾ ಕುಡಿದೆವು, ನಮ್ಮೂರು ಅಘನಾಶಿನಿಯ ದಾರಿ ಹಿಡಿದೆವು. ಜನರ ಗದ್ದಲ ಹಿಂದೆ ಬಿದ್ದ ಮೇಲೆ ಅಣ್ಣ ಕೇಳಿದ: "ಎಂತ ಆತು, ಹೇಳಾ."

ಅಖಾಡಕ್ಕೆ ಅಂಟಿಕೊಂಡೇ ಕೂತಿದ್ದವನು ಹೀಗೆ ಕೇಳುವುದು ನಿಮಗೆ ವಿಚಿತ್ರವೆನಿಸಬಹುದು. ಅಣ್ಣ ಟೈಮ್ ಹಿಡಿಯುವವನು. ಎಡಗೈಯಲ್ಲಿ ಗಡಿಯಾರ, ಬಲಗೈಯಲ್ಲಿ ಜಾಗಟೆಯ ಕೋಲು, ಬೆನ್ನು ಅಖಾಡಕ್ಕೆ. ಅದೇ ನಮ್ಮ ಕಡೆಯ ಕಟ್ಟಳೆ.

ಹಿಂದೆಲ್ಲ ಕುಸ್ತಿಗೆ ಅವಧಿಯೇ ಇರಲಿಲ್ಲವಂತೆ. ಒಬ್ಬನ ಎರಡೂ ಭುಜ ಮಣ್ಣಿಗೆ ತಾಗಬೇಕು, ಅಂದರೆ ಅವನು ಚಿತ್ ಆಗಬೇಕು, ಅಲ್ಲಿಯವರೆಗೆ ಬಿಡುವಂತಿಲ್ಲ. ಸಮಬಲದ ಇಬ್ಬರು ತಲೆಗೆ ತಲೆ ಕೊಟ್ಟು ನಿಂತರೆಂದರೆ, ನೋಡುವವರು ಮನೆಗೆ ಹೋಗಿ ಉಂಡು ಬಂದರೂ ಅವರು ಹಾಗೆಯೇ ನಿಂತಿರುತ್ತಿದ್ದರಂತೆ. ಟಿಕೆಟ್ಟಿನ ಕುಸ್ತಿ ಬಂದ ಮೇಲೆ ಇಪ್ಪತ್ತು ನಿಮಿಷದ ಗಡುವು ಬಂತು. ಅಷ್ಟರಲ್ಲಿ ಯಾರೂ ಚಿತ್ ಆಗದಿದ್ದರೆ ಬರಾಬರಿ. ಪಂಚರು ಇಬ್ಬರ ಕೈಯನ್ನೂ ಎತ್ತುತ್ತಿದ್ದರು. ಜಿಲ್ಲೆ ಮುಂಬಯಿಯಿಂದ ಮೈಸೂರಿಗೆ ಸೇರಿ ಕೆಲವು ವರ್ಷಗಳಾಗಿದ್ದರೂ ಅಖಾಡದ ಮಾತು ಮಾತ್ರ ಇನ್ನೂ ಅರ್ಧ ಮರಾಠಿಯೇ.

ಗಡುವಿನ ಜೊತೆ ಅನುಮಾನವೂ ಬಂತು. ತನ್ನೂರ ಪೈಲ್ವಾನ ಕೆಳಗೆ ಬಿದ್ದಾಗ ಟೈಮಿನವನ ಕೈ ಚುರುಕಾಗುತ್ತದೆ, ಮೇಲಿದ್ದಾಗ ನಿಧಾನವಾಗುತ್ತದೆ ಎಂದು ಭಟ್ಕಳ, ಹೊನ್ನಾವರ, ಕುಮಟೆಯ ಜನ ಒಬ್ಬರನ್ನೊಬ್ಬರು ಬೈದುಕೊಂಡರು. ಕೊನೆಗೆ ಮೂರೂ ಕಡೆಯ ಹಿರಿಯರು ಕೂತು, ಟೈಮಿನವನು ಕುಸ್ತಿ ನೋಡಲೇಕೂಡದು ಎಂದು ತೀರ್ಮಾನಿಸಿದರು. ಎಷ್ಟೋ ಜನ ಆ ಜಾಗದಲ್ಲಿ ಕೂರಲು ಪ್ರಯತ್ನಿಸಿದರು. ಜನ ಹೋ ಎಂದ ಕೂಡಲೇ ಅವರ ಕುತ್ತಿಗೆ ತಾನಾಗಿ ತಿರುಗುತ್ತಿತ್ತು. ಅಣ್ಣನದು ತಿರುಗಲಿಲ್ಲ.

ಅವನಿಗೆ ಕುಸ್ತಿಯ ಹುಚ್ಚಿರಲಿಲ್ಲವೆಂದುಕೊಳ್ಳಬೇಡಿ. ಅವನಷ್ಟು ಹುಚ್ಚಿನವನನ್ನು ನಾನು ಕಂಡಿಲ್ಲ. ಬೆನ್ನ ಹಿಂದೆ ಇಬ್ಬರು ಉಸಿರು ಕಟ್ಟಿ ಹೆಣಗುತ್ತಿರುವಾಗ, ಸಾವಿರ ಜನ ಎದ್ದು ನಿಂತಿರುವಾಗ, ಆ ಗದ್ದಲಕ್ಕೆಲ್ಲ ಕೊನೆ ಹೇಳುವವನು ಒಂದು ಪುಟ್ಟ ಮುಳ್ಳನ್ನು ನೋಡುತ್ತ ಸುಮ್ಮನೆ ಕೂತಿರುತ್ತಿದ್ದ. ದೊಡ್ಡ ದೊಡ್ಡ ಪೈಲ್ವಾನರನ್ನು ನೋಡಿದ್ದೇನೆ. ಆ ಬೆನ್ನನ್ನು ನೋಡಿದಾಗ ಆದಷ್ಟು ಬೆರಗು ಅವರ ತೋಳು ನೋಡಿ ಆಗಿಲ್ಲ.

ಅವನ ಪಾಲಿನ ಕುಸ್ತಿ ನಡೆಯುತ್ತಿದ್ದದ್ದು ದಾರಿಯಲ್ಲಿ, ನನ್ನ ಬಾಯಲ್ಲಿ. ಇಪ್ಪತ್ತು ನಿಮಿಷದ ಪಂದ್ಯಕ್ಕೆ ನನಗೆ ಮನೆಯ ತನಕದ ದಾರಿ ಬೇಕಾಗುತ್ತಿತ್ತು. ನನ್ನ ಕುಸ್ತಿಗೂ ಒಂದು ಜಾಗಟೆ ಬೇಕೆಂದು ಅಣ್ಣ ನಗುತ್ತಿದ್ದ. ಆದರೆ ಯಾರು ಗೆದ್ದರೆಂದು ಅವನು ಎಂದೂ ಮೊದಲು ಕೇಳಿದವನಲ್ಲ.

ಆ ದಿನ ನಮ್ಮೂರ ಸುಬ್ರಾಯನಿಗೂ ಭಟ್ಕಳದ ಇಸ್ಮಾಯಿಲನಿಗೂ ಜೋಡಿ. ಗಡುವು ಮುಗಿದು ಜಾಗಟೆ ಬಿದ್ದಾಗ ಇಸ್ಮಾಯಿಲನ ಒಂದು ಭುಜ ಮಣ್ಣಿನಲ್ಲಿತ್ತು, ಇನ್ನೊಂದಕ್ಕೂ ನೆಲಕ್ಕೂ ನಡುವೆ ಒಂದು ಬೆರಳು ತೂರುವಷ್ಟು ಜಾಗ. ಬರಾಬರಿ. ನಮ್ಮೂರವರು ಅಣ್ಣನ ಮುಖ ನೋಡದೆ ಎದ್ದುಹೋಗಿದ್ದರು. ಇದನ್ನು ಅವನಿಗೆ ಹೇಳುವುದೋ ಬೇಡವೋ ಎಂದು ಚಾ ಕುಡಿಯುವಾಗಲೇ ಯೋಚಿಸಿದ್ದೆ. ಆದರೆ ಅವನ ಕಣ್ಣು ನಾನೇ ಆಗಿರುವಾಗ ಸುಳ್ಳು ಹೇಳುವುದು ಹೇಗೆ? ಹೇಳಿದೆ.



"ನೀ ಜಾಗಟೆ ಒಂದು ಉಸಿರು ತಡೆದಿದ್ರೆ ಸುಬ್ರಾಯ ಗೆಲ್ತಿದ್ದ," ಎಂದೆ.

"ಆ ಉಸಿರು ಇಸ್ಮಾಯಿಲಂದು. ಅವ ಅಷ್ಟೊತ್ತು ತಡಕೊಂಡಿದ್ದ ಅಲ್ದನಾ," ಎಂದ. ಮತ್ತೆ ನಕ್ಕ. "ಇನ್ನೊಂದು ವಾರ ಸುಬ್ರಾಯ ನಮ್ಮನೆಗೆ ಮೀನು ಕೊಡೂದಿಲ್ಲ ಬಿಡು."

ಆಮೇಲೆ ಮೊದಲಿಂದ ಹೇಳಲು ಶುರುಮಾಡಿದೆ. ನಡುವೆ ಒಮ್ಮೆ ಸುಬ್ರಾಯ ಇಸ್ಮಾಯಿಲನನ್ನು ಪೂರ್ತಿ ಮೇಲಕ್ಕೆತ್ತಿದ್ದ. ಅಲ್ಲಿಂದ ಇಸ್ಮಾಯಿಲ್ ಹೇಗೆ ಜಾರಿಕೊಂಡ ಎನ್ನುವಲ್ಲಿಗೆ ಬರುವಾಗ ಮನೆಯಂಗಳ ಬಂತು, ಅಮ್ಮ ಗಂಜಿಗೆ ಕರೆದಳು.

"ಉಳಿದದ್ದು ನಾಳೆ ಹೇಳ್ತೆ," ಎಂದೆ.

"ಆತು," ಎಂದ.

ಬೆಳಿಗ್ಗೆ ಅವನು ಬಳಚೆಂಬ ಚಿಪ್ಪುಮೀನು ತೆಗೆಯಲು ಹೊಳೆಗೆ ಹೋದ. ಅಳಿವೆಯ ಹತ್ತಿರ ದೋಣಿ ಮಗುಚಿತು. ಅಣ್ಣ ತಿರುಗಿ ಬರಲಿಲ್ಲ. ಮೀನು ಕೊಡದಿರಬೇಕಾಗಿದ್ದ ಸುಬ್ರಾಯನೇ ಅವನ ಮೈಯನ್ನು ಹೆಗಲ ಮೇಲೆ ಹೊತ್ತು ದಡಕ್ಕೆ ತಂದ.

ಮುಂದಿನ ಕುಸ್ತಿಗೆ ನನ್ನನ್ನು ಟೈಮಿಗೆ ಕೂರಿಸಿದರು. ಜನ ಹೋ ಎಂದರು, ನನ್ನ ಕುತ್ತಿಗೆ ತಿರುಗಿತು. ಅಲ್ಲಿಗೆ ಆ ಕೆಲಸ ಮುಗಿಯಿತು. ಈಗ ಟಿಕೆಟ್ ತೆಗೆದು ಎಲ್ಲರಂತೆ ಕೂತು ನೋಡುತ್ತೇನೆ. ಟೈಮಿನವನಿಗೆ ಈಗ ಮೇಜು, ಕುರ್ಚಿ. ಅವನೂ ನಮ್ಮಂತೆ ಅಖಾಡಕ್ಕೆ ಮುಖ ಮಾಡಿ ಕೂರುತ್ತಾನೆ. ಮನೆಗೆ ಬಂದರೆ ಹೆಂಡತಿ ಪ್ರೀತಿಯಿಂದಲೇ ಕೇಳುತ್ತಾಳೆ, "ಯಾರು ಗೆದ್ರು?" ಅದಕ್ಕೆ ಒಂದು ಹೆಸರು ಸಾಕು.

ಮೇಲಕ್ಕೆತ್ತಿದವನ ಕೈಯಿಂದ ಇಸ್ಮಾಯಿಲ್ ಹೇಗೆ ಜಾರಿಕೊಂಡ ಎಂಬುದು ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ಅಣ್ಣನಿಗೆ ಅದನ್ನು ಹೇಳಿಲ್ಲ.